ಬಾಗಿಲಕ್ಕ ಬಾಯಿ ಮುಚ್ಚಿದ ದಿನ

ನಮ್ಮ ಭಾವ ಶಾಲಾ ಬಸ್ಸಿನ ಡ್ರೈವರು, ನಮ್ಮಕ್ಕ ಅದೇ ಬಸ್ಸಿನ ಆಯಾ. ಮಕ್ಕಳ ಬಾಯಲ್ಲಿ ಅವರು ಬಸ್ ಮಾಮ, ಇವಳು ಬಾಗಿಲಕ್ಕ. ಇಪ್ಪತ್ತೈದು ವರ್ಷದಲ್ಲಿ ಎರಡು ಬಸ್ಸು ಗುಜರಿಗೆ ಹೋದವು, ನಾಲ್ಕು ಜನ ಹೆಡ್‌ಮಾಸ್ಟರು ಬಂದು ಹೋದರು, ಇವರಿಬ್ಬರು ಮಾತ್ರ ಕದಲಲಿಲ್ಲ. ಭಾವ ಸ್ಟೇರಿಂಗಿನ ಹಿಂದೆ, ಅಕ್ಕ ಮುಂಬಾಗಿಲ ಮೆಟ್ಟಿಲ ಮೇಲೆ, ಒಂದು ಕೈ ಕಂಬಿಯಲ್ಲಿ. ಅವಳ ಬಾಯಿಗೆ ಬಿಡುವೆಂಬುದೇ ಇಲ್ಲ. “ಎಡಕ್ಕೆ ಸೈಕಲ್. ಹಾಂ, ಹೋಯ್ತು. ನಾಯಿ, ನಾಯಿ. ಸ್ವಲ್ಪ ಬಲಕ್ಕೆ ತಗೊಳ್ಳಿ. ಬಿಡಿ.” ಮನೆಗೆ ಬಂದ ಮೇಲೂ ಅದೇ ಚಾಳಿ. ಊಟಕ್ಕೆ ಕೂತರೆ “ಎಡಕ್ಕೆ ಲೋಟ ಇದೆ, ಕೈ ತಾಗೀತು” ಎನ್ನುವಳು. ನಮಗೆಲ್ಲ ಅದು ನಗೆಪಾಟಲಾಗಿತ್ತು.

ಗುಟ್ಟನ್ನು ಗಂಟು ಕಟ್ಟಿಟ್ಟುಕೊಂಡು ಕೊನೆಗೆ ಬಿಚ್ಚುವ ತಾಳ್ಮೆ ನನಗಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಭಾವನ ಕಣ್ಣುಗಳು ಎರಡೂ ಪಕ್ಕದಿಂದ ಮುಚ್ಚುತ್ತ ಬಂದಿದ್ದವು. ನೇರ ಎದುರಿಗಿರುವುದು ಸ್ಪಷ್ಟ. ನೂರು ಮಾರು ದೂರದ ಬೋರ್ಡನ್ನು ಕನ್ನಡಕವಿಲ್ಲದೆ ಓದುವರು. ಅದರ ಆಚೆ ಈಚೆ, ಕಾಲ ಬುಡದಲ್ಲಿ, ಏನೂ ಇಲ್ಲ. ಕೊಳವೆಯೊಳಗಿಂದ ನೋಡಿದ ಹಾಗೆ. ವರ್ಷಕ್ಕೊಮ್ಮೆ ಲೈಸೆನ್ಸಿನ ತಪಾಸಣೆಯಲ್ಲಿ ಗೋಡೆಯ ಮೇಲಿನ ಅಕ್ಷರಗಳ ಕೊನೆಯ ಸಾಲನ್ನೂ ನೀರು ಕುಡಿದಷ್ಟು ಸಲೀಸಾಗಿ ಓದಿ ಬರುತ್ತಿದ್ದರು. ಪಕ್ಕದಲ್ಲಿ ಏನು ಕಾಣುತ್ತದೆ ಎಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಅಕ್ಕನಿಗೂ ಹೇಳಲಿಲ್ಲ.

ನಾನು ಹೇಳಹೊರಟಿರುವುದು ಅಕ್ಕನಿಗೆ ಅದು ಗೊತ್ತಾದ ದಿನದ ಕಥೆ. ಆ ದಿನ ಶನಿವಾರ. ಸೋಮವಾರ ಬೆಳಿಗ್ಗೆ ಏಳೂವರೆಗೆ ನಲವತ್ತೆರಡು ಮಕ್ಕಳು ಆ ಬಸ್ಸು ಹತ್ತುವವರಿದ್ದರು. ಮೂರನೇ ಸಾಲಿನ ಕಿಟಕಿ ಪಕ್ಕದ ಸೀಟು ನನ್ನ ಮಗಳದು. ಆದ್ದರಿಂದ ಈ ಕಥೆಯನ್ನು ತಣ್ಣಗೆ ಹೇಳುತ್ತೇನೆಂದು ಯಾರೂ ನಿರೀಕ್ಷಿಸಬೇಡಿ.

ಆ ಶನಿವಾರ ಅಕ್ಕ ಭಾವ ಇಬ್ಬರೂ ಪ್ರವಾಸದಲ್ಲಿದ್ದರು. ಆ ಪ್ರವಾಸವೇ ಒಂದು ಬಹುಮಾನ. ಇಪ್ಪತ್ತೈದು ವರ್ಷದಲ್ಲಿ ಬಸ್ಸಿಗೆ ಒಂದು ಗೀರೂ ಬೀಳಲಿಲ್ಲವೆಂದು ಶಾಲೆಯವರು ಭಾವನನ್ನು ವೇದಿಕೆಗೆ ಕರೆದು ಕಟ್ಟು ಹಾಕಿಸಿದ ಪ್ರಶಸ್ತಿ ಪತ್ರ ಕೊಟ್ಟರು. ಜೊತೆಗೆ ಒಂದು ಹಳೆಯ ರಾಜಧಾನಿಗೆ ಎರಡು ರೈಲು ಟಿಕೇಟು, ಅಲ್ಲಿನ ಲಾಡ್ಜಿನಲ್ಲಿ ಎರಡು ರಾತ್ರಿ ವಾಸ. ಪತ್ರದಲ್ಲಿ ಹೆಸರಿದ್ದದ್ದು ಭಾವನದೊಂದೇ. “ಹೋಗ್ಲಿ ಬಿಡೇ, ಟಿಕೇಟು ಎರಡಿದೆಯಲ್ಲ” ಎಂದಳು ಅಕ್ಕ. ನನಗೆ ಮೈಯೆಲ್ಲ ಉರಿದುಹೋಯಿತು. ದಿನಾ ಬಾಗಿಲಲ್ಲಿ ನಿಂತು ಗಂಟಲು ಹರಿದುಕೊಳ್ಳುವವಳು ಇವಳು, ಹಾರ ತುರಾಯಿ ಅವರಿಗೆ! ಆಗ ನನ್ನ ಸಿಟ್ಟು ಅಷ್ಟಕ್ಕೇ ಇತ್ತು.

ಶನಿವಾರ ಬೆಳಿಗ್ಗೆ ಲಾಡ್ಜಿನ ಊಟದ ಕೋಣೆ. ಉದ್ದ ಮೇಜು, ಎದುರಿಗೆ ಇವರಷ್ಟೇ ವಯಸ್ಸಿನ ಇನ್ನೊಂದು ಜೋಡಿ. ಭಾವ ಬ್ರೆಡ್ಡಿಗೆ ಕೈ ಚಾಚಿದರು. ಅಕ್ಕ ಅಭ್ಯಾಸಬಲದಿಂದ, “ಎಡಕ್ಕೆ ಚಹಾ ಇದೆ, ಹುಷಾರು” ಎಂದಳು. ಎದುರಿನ ಗಂಡಸು ನಕ್ಕು, “ನಿಮ್ಮ ಮನೆಯವರು ಒಳ್ಳೆ ಕಂಡಕ್ಟರ್ ಥರ ಇದಾರಲ್ಲ ಸಾರ್” ಎಂದ. ಅವನ ಹೆಂಡತಿಯೂ ನಕ್ಕಳು. ಭಾವನ ಮುಖ ಕೆಂಪೇರಿತು.

“ಒಂದು ದಿನ, ಒಂದೇ ಒಂದು ದಿನ ಬಾಯಿ ಮುಚ್ಕೊಂಡಿರೋಕೆ ಆಗಲ್ವಾ ನಿಂಗೆ? ಇದೇನು ಬಸ್ಸಾ? ನಾನೇನು ಕುರುಡನಾ?”

ಮದುವೆಯಾದಂದಿನಿಂದ ಭಾವ ನಾಲ್ಕು ಜನರ ಎದುರು ಅಕ್ಕನ ಮೇಲೆ ದನಿ ಏರಿಸಿದ್ದಿಲ್ಲ. ಅಕ್ಕ ಕೈಯಲ್ಲಿದ್ದ ಚಮಚವನ್ನು ಮೆಲ್ಲಗೆ ಕೆಳಗಿಟ್ಟಳು. “ಆಯ್ತು ಬಿಡಿ. ಇವತ್ತು ನನ್ನ ಬಾಯಿಂದ ಒಂದು ಮಾತು ಬಂದ್ರೆ ಕೇಳಿ” ಎಂದಳು. ನಮ್ಮಕ್ಕ ಹಟಕ್ಕೆ ಬಿದ್ದರೆ ಬಿದ್ದಳೇ. ಚಿಕ್ಕಂದಿನಲ್ಲಿ ನನ್ನ ಜೊತೆ ಟೂ ಬಿಟ್ಟು ಹನ್ನೊಂದು ದಿನ ಒಂದೇ ಹಾಸಿಗೆಯಲ್ಲಿ ಬೆನ್ನು ತಿರುಗಿಸಿ ಮಲಗಿದವಳು.

ಒಂಬತ್ತಕ್ಕೆ ಹೊರಟರು. ಹಳೆಯ ಪೇಟೆಯೊಳಗೆ ವಾಹನಗಳಿಗೆ ಪ್ರವೇಶವಿಲ್ಲ, ಎಲ್ಲವನ್ನೂ ನಡೆದೇ ನೋಡಬೇಕು. ಕಲ್ಲು ಹಾಸಿದ ಓಣಿಗಳು, ಎರಡೂ ಕಡೆ ಮರದ ಬಾಲ್ಕನಿಯ ಮನೆಗಳು, ಕಿಟಕಿಗಳಲ್ಲಿ ಒಣಹಾಕಿದ ಬಟ್ಟೆ. ಭಾವ ಲಾಡ್ಜಿನವರು ಕೊಟ್ಟ ನಕ್ಷೆಯನ್ನು ಮುಖದ ಮುಂದೆ ಹಿಡಿದು ದಾಪುಗಾಲು ಹಾಕುತ್ತಿದ್ದರು. ಅಕ್ಕ ಎರಡು ಹೆಜ್ಜೆ ಹಿಂದೆ, ತುಟಿ ಬಿಗಿದುಕೊಂಡು.

ಮೊದಲ ತಿರುವಿನಲ್ಲೇ ದಾರಿಗೆ ಅಡ್ಡ ಮೊಣಕಾಲೆತ್ತರದ ಕಲ್ಲುಕಂಬಗಳಿದ್ದವು, ಗಾಡಿಗಳು ಒಳಗೆ ನುಗ್ಗದಿರಲೆಂದು ನೆಟ್ಟವು. ಅಕ್ಕನ ನಾಲಿಗೆಯ ತುದಿಗೆ “ಕಂಬ” ಬಂದಿತ್ತು. ನುಂಗಿಕೊಂಡಳು. ಭಾವನ ಮೊಣಕಾಲು ಠಪ್ಪನೆ ಬಡಿಯಿತು.

“ಬುದ್ಧಿ ಇಲ್ಲ ಈ ಊರಿನೋರಿಗೆ! ನಡುದಾರಿಲಿ ಕಲ್ಲು ನೆಟ್ಟಿದಾರೆ” ಎಂದು ಕಾಲು ಉಜ್ಜಿಕೊಂಡರು.

ಆಗ ತನಗೆ ಒಳಗೊಳಗೇ ಖುಷಿಯಾಯಿತೆಂದು ಅಕ್ಕ ಆಮೇಲೆ ನನ್ನ ಹತ್ತಿರ ಒಪ್ಪಿಕೊಂಡಳು. ಬೇಕಿತ್ತಾ, ಅನುಭವಿಸಿ ಎಂದುಕೊಂಡಳಂತೆ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಚಪ್ಪಾಳೆಯನ್ನೇ ತಟ್ಟುತ್ತಿದ್ದೆ.

ಎರಡನೆಯದು ಚೌಕದಲ್ಲಿ. ಮುದುಕಿಯೊಬ್ಬಳು ಮಡಿಸುವ ಸ್ಟೂಲಿನ ಮೇಲೆ ಚಿತ್ರದ ಕಾರ್ಡುಗಳನ್ನು ಹರಡಿ ಮಾರುತ್ತಿದ್ದಳು. ಭಾವ ಎತ್ತರದ ಗಡಿಯಾರದ ಗೋಪುರ ನೋಡುತ್ತ ಬಂದು ಸ್ಟೂಲನ್ನು ಎಡಗಾಲಿನಲ್ಲಿ ಒದ್ದೇಬಿಟ್ಟರು. ಕಾರ್ಡುಗಳು ನೆಲದ ತುಂಬ ಚೆಲ್ಲಾಡಿದವು. ಪಾಪ, ಭಾವ ತಕ್ಷಣ ಮಂಡಿಯೂರಿ ಆರಿಸತೊಡಗಿದರು. ಮುಂದೆ ಬಿದ್ದವನ್ನು ಒಂದೊಂದಾಗಿ ಎತ್ತಿ, ಧೂಳು ಒರೆಸಿ ಕೊಟ್ಟರು. ಎರಡೂ ಪಕ್ಕದಲ್ಲಿದ್ದವನ್ನು ಮುಟ್ಟಲಿಲ್ಲ, ಎದ್ದು ನಿಂತು, “ಆಯ್ತಲ್ಲಮ್ಮ?” ಎಂದರು.

“ಎಲ್ಲಪ್ಪಾ ಆಯ್ತು? ನಿನ್ನ ಕಾಲ ಹತ್ರಾನೇ ಇವೆಯಲ್ಲ!” ಎಂದಳು ಮುದುಕಿ.

ಭಾವ ಕತ್ತನ್ನು ಪೂರ್ತಿ ತಿರುಗಿಸಿ ಕೆಳಗೆ ನೋಡಿದರು. ಅಕ್ಕ ಮಾತಿಲ್ಲದೆ ಬಗ್ಗಿ ಉಳಿದವನ್ನು ಎತ್ತಿಕೊಟ್ಟಳು. ಈ ಸಲ ಅವಳಿಗೆ ಖುಷಿಯಾಗಲಿಲ್ಲ. ಇವರಿಗೆ ಇವತ್ತು ಏನಾಗಿದೆ ಎಂಬ ಪ್ರಶ್ನೆ ಮೊದಲ ಬಾರಿ ಎದ್ದಿತು.

ಅರಮನೆಯ ವಸ್ತುಸಂಗ್ರಹಾಲಯದಲ್ಲಿ ಆ ಪ್ರಶ್ನೆ ಇನ್ನಷ್ಟು ಗೋಜಲಾಯಿತು. ದರ್ಬಾರು ಹಾಲಿನ ಆ ತುದಿಯ ಗೋಡೆಯಲ್ಲಿ ಅಂಗೈಯಗಲದ ಒಂದು ಫಲಕವಿತ್ತು. ಭಾವ ಈ ತುದಿಯಲ್ಲಿ ನಿಂತೇ ಅದರಲ್ಲಿದ್ದ ಇಸವಿ, ರಾಜನ ಬಿರುದು, ಕಟ್ಟಿದವನ ಹೆಸರು, ಎಲ್ಲವನ್ನೂ ಗಟ್ಟಿಯಾಗಿ ಓದಿದರು. ಪಕ್ಕದಲ್ಲಿದ್ದ ಕಾಲೇಜು ಹುಡುಗಿಯರು ಬೆರಗಾಗಿ ನೋಡಿದರು. ಕಣ್ಣು ಚೆನ್ನಾಗೇ ಇದೆಯಲ್ಲ, ಹಾಗಾದರೆ ನನ್ನ ಮೇಲಿನ ಸಿಟ್ಟಿಗೆ ದಿಕ್ಕುತಪ್ಪಿ ನಡೀತಿದಾರೆ ಎಂದು ಅಕ್ಕ ಸಮಾಧಾನ ಮಾಡಿಕೊಂಡಳು. ಅಷ್ಟರಲ್ಲಿ ಭಾವ ಸಿಂಹಾಸನದ ಸುತ್ತ ಕಟ್ಟಿದ ಹಗ್ಗಕ್ಕೆ ಕಾಲು ಸಿಕ್ಕಿಸಿಕೊಂಡು ಮುಗ್ಗರಿಸಿದರು. ಕಾವಲಿನವನು ಓಡಿಬಂದು ತೋಳು ಹಿಡಿಯದಿದ್ದರೆ ರಾಜನ ಪಾದಪೀಠಕ್ಕೆ ಹಣೆ ಬಡಿಯುತ್ತಿತ್ತು. “ನೋಡ್ಕೊಂಡು ನಡೀರಿ ಸಾರ್, ಮಕ್ಕಳೂ ದಾಟ್ಕೊಂಡು ಹೋಗ್ತಾರೆ ಇದನ್ನ” ಎಂದ ಅವನು. ಭಾವ ತೋಳು ಬಿಡಿಸಿಕೊಂಡು ಬಾಗಿಲ ಕಡೆ ನಡೆದರು.

ಅರಮನೆಯಿಂದ ಕೋಟೆಗೆ ಹೋಗುವ ಏರುದಾರಿಯಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಭಾವ ಬೆವರುತ್ತಿದ್ದರು. ಅಕ್ಕ, ಮಾತಾಡುವುದಿಲ್ಲ ಎಂದಿದ್ದೇನೆಯೇ ಹೊರತು ನೀರು ಕೊಡುವುದಿಲ್ಲ ಎಂದಿಲ್ಲವಲ್ಲ ಎಂದು ಬಾಟಲಿ ತೆಗೆದು ಅವರ ಎಡಪಕ್ಕದಿಂದ ಚಾಚಿದಳು. ಅವರು ತೆಗೆದುಕೊಳ್ಳಲಿಲ್ಲ. ಚಾಚಿದ ಕೈಯಲ್ಲೇ ಇಪ್ಪತ್ತು ಹೆಜ್ಜೆ ನಡೆದಳು. ಇಷ್ಟೊಂದು ಕೊಬ್ಬೇ ಇವರಿಗೆ ಎಂದು ಅಳು ಬಂತು. ಬಾಟಲಿಯನ್ನು ಅವರ ಕೆನ್ನೆಯ ಹತ್ತಿರ ತಂದು ಅಲುಗಿಸಿದಳು. ಭಾವನ ರೆಪ್ಪೆ ಕೂಡ ಮಿಸುಕಲಿಲ್ಲ. ಸಿಟ್ಟಿನಲ್ಲಿರುವ ಮನುಷ್ಯ ಮುಖ ತಿರುಗಿಸುತ್ತಾನೆ, ಹುಬ್ಬು ಗಂಟಿಕ್ಕುತ್ತಾನೆ. ಇವರು ಎದುರಿನ ಕೋಟೆಯ ಬಾಗಿಲನ್ನು ನೋಡುತ್ತ ಆರಾಮಾಗಿ ನಡೆಯುತ್ತಿದ್ದರು.

ಅಕ್ಕ ಬಾಟಲಿಯನ್ನು ಇನ್ನೊಂದು ಕೈಗೆ ತೆಗೆದುಕೊಂಡಳು.

ಅವಳು ಬಲಪಕ್ಕಕ್ಕೆ ಹೋಗಿ ಅದನ್ನೇ ಮಾಡಿದಳು. ಅಲ್ಲೂ ಅದೇ. ಆಮೇಲೆ ಅವಳು ನಿಂತುಬಿಟ್ಟಳು, ಏನಾಗುತ್ತದೋ ನೋಡೋಣವೆಂದು. ಭಾವ ಮುಂದೆ ಹೋಗುತ್ತಲೇ ಇದ್ದರು. ಹೋಗುತ್ತ ಮಾತೂ ಶುರು ಮಾಡಿದರು. ರಾಜಿಯ ಮಾತು.

“ಏ, ಇವಳೇ. ಬೆಳಿಗ್ಗೆ ನಾನು ಹಾಗನ್ನಬಾರದಿತ್ತು. ಆ ಮನುಷ್ಯ ನಕ್ಕನಲ್ಲ, ಅದಕ್ಕೆ ರೇಗಿಹೋಯ್ತು. ನೀನೂ ಸ್ವಲ್ಪ... ಆಯ್ತು, ನಂದೇ ತಪ್ಪು ಅಂತಿಟ್ಕೋ. ಆ ಕೋಟೆ ಬಾಗಿಲು ನೋಡು, ನಮ್ಮ ಬಸ್ಸು ಎರಡು ಒಟ್ಟಿಗೆ ನುಗ್ಗಬಹುದು.”

ಪಕ್ಕದಲ್ಲಿ ಯಾರೂ ಇರಲಿಲ್ಲ. ಅಕ್ಕ ಹತ್ತು ಮಾರು ಹಿಂದೆ ನಡುದಾರಿಯಲ್ಲಿ ಬಾಟಲಿ ಹಿಡಿದು ನಿಂತಿದ್ದಳು. ಭಾವ ಖಾಲಿ ಗಾಳಿಗೆ ಕ್ಷಮೆ ಕೇಳುತ್ತ ಏರು ಹತ್ತುತ್ತಿದ್ದರು. ಎದುರಿನಿಂದ ಬಂದವರು ಹುಚ್ಚನನ್ನು ನೋಡುವಂತೆ ನೋಡಿ ದಾರಿ ಬಿಟ್ಟರು. ಈ ಭಾಗವನ್ನು ಅಕ್ಕ ಈಗಲೂ ಪೂರ್ತಿ ಹೇಳುವುದಿಲ್ಲ.

ಅವಳು ಓಡಿ ಸೇರಿಕೊಂಡಳು. ಆಗಲಾದರೂ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಹಟವಲ್ಲ, ಭಯ. ಕೇಳಿದರೆ ಹೌದು ಎಂದುಬಿಡುತ್ತಾರೆ ಎಂಬ ಭಯ. ತನ್ನ ಮನಸ್ಸಿನ ಭ್ರಮೆಯಾಗಿರಲಿ, ಬಿಸಿಲಿನಿಂದಾಗಿರಲಿ ಎಂದು ಹಾರೈಸುತ್ತ ಅವರ ಬೆನ್ನಿಗೆ ಅಂಟಿಕೊಂಡೇ ಕೋಟೆಯೊಳಗೆ ಹೋದಳು. ಒಂದೊಂದು ಹೆಜ್ಜೆಗೂ ಅವರ ಕಾಲಿನ ಮುಂದೇನಿದೆ ಎಂದು ನೋಡುತ್ತಿದ್ದಳು. ಬಸ್ಸಿನಲ್ಲಿ ಮಾಡುವ ಕೆಲಸವನ್ನೇ, ಬಾಯಿಲ್ಲದೆ.

ಕೋಟೆಗೋಡೆಯ ಮೇಲೆ ಒಂದು ಸುತ್ತು ನಡೆಯಬಹುದು, ಅದೇ ಆ ಊರಿನ ಮುಖ್ಯ ಆಕರ್ಷಣೆ. ಗೋಡೆಯ ಮೇಲಿನ ದಾರಿ ಎರಡಾಳು ಅಗಲ. ಹೊರಮಗ್ಗುಲಿಗೆ ಎದೆಮಟ್ಟದ ತೆನೆಗೋಡೆ. ಒಳಮಗ್ಗುಲಿಗೆ ಕಬ್ಬಿಣದ ಕಂಬಿ. ಉತ್ತರದ ಬುರುಜು ದಾಟಿದ ಮೇಲೆ ರಿಪೇರಿಗೆಂದು ಮೂವತ್ತು ಅಡಿಯಷ್ಟು ಕಂಬಿ ಕಿತ್ತಿದ್ದರು. ಅಲ್ಲೊಂದು ಕೆಂಪು ಪಟ್ಟಿ ಕಟ್ಟಿದ್ದರು. ಗಾಳಿಗೆ ಅದು ಹರಿದು ಒಂದು ತುದಿ ಕೆಳಗೆ ಜೋತಾಡುತ್ತಿತ್ತು. ಕೆಳಗೆ ಮೂರು ಮಹಡಿ ಆಳದಲ್ಲಿ ಕಲ್ಲಿನ ಅಂಗಳ. ಆ ಕಡೆ ಭಾವನಿಗೆ ಎಡಗಡೆ.

ಎದುರಿನಿಂದ ಪ್ರವಾಸಿಗಳ ದೊಡ್ಡ ಗುಂಪು ಬಂತು, ಮುಂದೆ ಬಾವುಟ ಹಿಡಿದ ಗೈಡು. ಭಾವ ಗುಂಪನ್ನು ಚೆನ್ನಾಗಿಯೇ ಕಂಡರು. ಸಭ್ಯ ಮನುಷ್ಯ, ರಸ್ತೆಯಲ್ಲಿ ಎದುರಿನವರಿಗೆ ಜಾಗ ಬಿಡದೆ ಹೋದವರೇ ಅಲ್ಲ. ಬಸ್ಸನ್ನು ಅಂಚಿಗೆ ತೆಗೆದುಕೊಳ್ಳುವ ಹಾಗೆ ಮೈಯನ್ನು ಎಡಕ್ಕೆ ತೆಗೆದುಕೊಂಡರು. ಒಂದು ಹೆಜ್ಜೆ ಇಟ್ಟರು. ಇನ್ನೊಂದಕ್ಕೆ ಕಾಲೆತ್ತಿದರು.

“ಎಡಕ್ಕೆ ಹಳ್ಳ! ನಿಲ್ಸಿ!”

ಭಾವನ ಬಲಗಾಲು ನೆಲವನ್ನು ಒತ್ತಿ ಹಿಡಿಯಿತು. ಬ್ರೇಕು ತುಳಿದ ಕಾಲು ಅದು. ಮೈ ಒಮ್ಮೆ ಮುಂದಕ್ಕೆ ವಾಲಿ ನಿಂತಿತು. ಎಡಪಾದದ ಅರ್ಧ ಕಲ್ಲಿನ ಅಂಚಿನಾಚೆ ಇತ್ತು. ಗುಂಪಿನಲ್ಲಿ ಯಾರೋ ಕಿರುಚಿದರು, ಗೈಡಿನ ಕೈಯಿಂದ ಬಾವುಟ ಬಿತ್ತು. ಅಕ್ಕ ಅವರ ಅಂಗಿಯ ಬೆನ್ನನ್ನು ಎರಡೂ ಕೈಯಿಂದ ಹಿಡಿದು ಹಿಂದಕ್ಕೆ ಎಳೆದಳು. ಅಂಗಿ ಹರಿಯಿತು.

ಎಂಥವನಾದರೂ ಅಂಥ ಹೊತ್ತಿನಲ್ಲಿ ಮೊದಲು ಕೆಳಗೆ ಬಗ್ಗಿ ನೋಡುತ್ತಾನೆ, ಎಲ್ಲಿ ಬೀಳುತ್ತಿದ್ದೆ ಎಂದು. ಭಾವ ನೋಡಲಿಲ್ಲ. ಅವರು ಅಕ್ಕನ ಕಡೆ ತಿರುಗಿದರು. ಅವಳು ಹಳ್ಳ ಎಂದ ಮೇಲೆ ಹಳ್ಳವೇ, ನೋಡಿ ಖಚಿತ ಮಾಡಿಕೊಳ್ಳುವ ಅಗತ್ಯ ಅವರಿಗಿರಲಿಲ್ಲ. ಅಷ್ಟರಿಂದಲೇ ಅಕ್ಕನಿಗೆ ಎಲ್ಲ ಗೊತ್ತಾಗಿಹೋಯಿತು.

ಬುರುಜಿನೊಳಗೆ ಹಿಂದಿನ ಕಾಲದ ಕಾವಲುಗಾರರು ಕೂರುತ್ತಿದ್ದ ಒಂದು ಗೂಡಿತ್ತು. ಅಲ್ಲಿ ಕಲ್ಲುಹಾಸಿನ ಮೇಲೆ ಇಬ್ಬರೂ ಕೂತರು.

“ಎಷ್ಟು ದಿನದಿಂದ?” ಎಂದಳು.

“ಏನು ಎಷ್ಟು ದಿನ?”

“ರೀ. ನನ್ನ ಹತ್ರ ಆಟ ಆಡ್ಬೇಡಿ. ಎಷ್ಟು ದಿನದಿಂದ ಕಾಣ್ತಿಲ್ಲ?”

ಭಾವ ಹೇಳಿದರು. ಒಂದೂವರೆ ವರ್ಷ. ಕಣ್ಣಿನ ಡಾಕ್ಟರಿಗೆ ತೋರಿಸಿದ್ದರಂತೆ. ಹೋದದ್ದು ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಬಹುದು ಎಂದು ಅವರು ಹನಿ ಔಷಧಿ ಬರೆದುಕೊಟ್ಟರಂತೆ. ವಾಹನ ಓಡಿಸಬೇಡಿ ಎಂದೂ ಹೇಳಿದರಂತೆ. ಹನಿಯನ್ನು ಭಾವ ದಿನಾ ಬಸ್ಸಿನ ಶೆಡ್ಡಿನಲ್ಲಿ, ಡ್ರೈವರ್ ಸೀಟಿನಲ್ಲಿ ಕೂತು ಹಾಕಿಕೊಳ್ಳುತ್ತಿದ್ದರು. ನಾನು ಕೆಲಸ ಮಾಡುವುದೇ ಔಷಧಿ ಅಂಗಡಿಯಲ್ಲಿ. ನನಗೆ ಗೊತ್ತಾಗದಿರಲೆಂದು ಊರಿನ ಇನ್ನೊಂದು ತುದಿಗೆ ಹೋಗಿ ಕೊಳ್ಳುತ್ತಿದ್ದರು. ಎಂಥಾ ಖದೀಮತನ!

“ಮಕ್ಕಳನ್ನ ಕೂರಿಸ್ಕೊಂಡು...” ಎಂದಳು ಅಕ್ಕ.

“ಎದುರಿಗೆ ಚೆನ್ನಾಗಿ ಕಾಣುತ್ತೆ ಕಣೇ, ನಿನ್ನಾಣೆ. ಪಕ್ಕಕ್ಕೆ ನೀನಿದ್ದೀಯಲ್ಲ. ಎಡಕ್ಕೆ ಸೈಕಲ್ ಅಂದ್ರೆ ನನಗೆ ಆ ಸೈಕಲ್ ಕಂಡ ಹಾಗೇ. ನೀನು ಹೇಳಿದ್ದು ಒಂದು ಸಲಾನೂ ತಪ್ಪಿಲ್ಲ.”

ಅದು ಅಕ್ಕ ಯಾವತ್ತೋ ಅಭ್ಯಾಸಕ್ಕೆ ಬಿದ್ದು ಒದರುತ್ತಿದ್ದ ಮಾತು. ಕೆಲವು ದಿನ ಅರ್ಧ ನಿದ್ದೆಯಲ್ಲಿ, ಕೆಲವು ದಿನ ಮಗುವಿನ ಶೂ ಲೇಸು ಕಟ್ಟುತ್ತ, ಕೆಲವು ದಿನ ಬರೀ ಅಂದಾಜಿನಲ್ಲಿ ಒದರಿದ್ದು. ಅದನ್ನು ನಂಬಿ ಒಂದೂವರೆ ವರ್ಷ ಬಸ್ಸು ಓಡಿತ್ತು.

“ಮತ್ತೆ ಬೆಳಿಗ್ಗೆ ಬಾಯಿ ಮುಚ್ಚು ಅಂದ್ರಲ್ಲ?”

“ಒಂದು ದಿನ ಆದ್ರೂ ಕಣ್ಣಿರೋನ ಥರ ನಡೀಬೇಕು ಅನ್ನಿಸ್ತು. ನೀನು ಒಂದೊಂದು ಸಲ ಹೇಳಿದಾಗ್ಲೂ ನನಗೆ ಚುಚ್ಚುತ್ತೆ, ಇದೂ ಕಾಣ್ಲಿಲ್ವಾ ಅಂತ.” ಭಾವ ಅತ್ತರು. ಅಳುತ್ತಲೇ ವ್ಯಾಪಾರಕ್ಕಿಳಿದರು. “ಇನ್ನು ಎರಡೇ ವರ್ಷ. ಆಮೇಲೆ ಹೇಗೂ ರಿಟೈರು. ನೀನು ಹೇಳ್ತಾ ಇರು, ನಾನು ಓಡಿಸ್ತೀನಿ. ಇಷ್ಟು ದಿನ ಆಗಿದ್ದು ಇನ್ನೆರಡು ವರ್ಷ ಆಗಲ್ವಾ?”

ಇಲ್ಲಿ ನಮ್ಮಕ್ಕನ ಬಗ್ಗೆ ಒಂದು ಸತ್ಯ ಹೇಳಬೇಕು, ಅವಳೇ ಹೇಳಿದ್ದು. ಆ ಕ್ಷಣ ಅವಳಿಗೆ ಹೂಂ ಎಂದುಬಿಡೋಣ ಎನ್ನಿಸಿತಂತೆ. ಇಪ್ಪತ್ತೈದು ವರ್ಷದ ಹೆಸರು, ಗೋಡೆಯ ಮೇಲಿನ ಪತ್ರ, ಊರೆಲ್ಲ ಕೊಡುವ ಮರ್ಯಾದೆ. ಎಲ್ಲಕ್ಕಿಂತ ಹೆಚ್ಚಾಗಿ, ಬಸ್ಸಿಲ್ಲದ ಗಂಡ ಬೆಳಿಗ್ಗೆ ಎದ್ದು ಏನು ಮಾಡುತ್ತಾರೆ ಎಂಬ ಚಿಂತೆ. ಇನ್ನಷ್ಟು ಎಚ್ಚರಿಕೆಯಿಂದ, ಕಣ್ಣಲ್ಲಿ ಕಣ್ಣಿಟ್ಟು ಹೇಳಿದರಾಯಿತು ಎಂದು ಮನಸ್ಸು ಲೆಕ್ಕ ಹಾಕಿತು. ಆಮೇಲೆ ಅವಳಿಗೆ ಒಂದು ವಿಷಯ ಹೊಳೆಯಿತು.

“ಎಂಟು ತಿಂಗಳ ಹಿಂದೆ ನನಗೆ ಮೂರು ದಿನ ಜ್ವರ ಬಂದು ಮಲಗಿದ್ನಲ್ಲ. ಬೇರೆ ಆಯಾ ಬಂದಿದ್ಲು. ಅವಳು ಬಾಯಿ ಬಿಡೋಳಲ್ಲ. ಆಗ ಹೇಗೆ ಓಡಿಸಿದ್ರಿ?”

ಭಾವ ಹರಿದ ಅಂಗಿಯ ಬೆನ್ನನ್ನು ಕೈಯಿಂದ ತಡವಿಕೊಂಡರು. ಮೂರು ಸಲ ಕೇಳಿದ ಮೇಲೂ “ನಿಧಾನಕ್ಕೆ ಓಡಿಸಿದೆ” ಎಂದಷ್ಟೇ ಹೇಳಿದರು. ಅಕ್ಕ ಅವರ ಮುಖ ನೋಡಿದಳು. ಏನೋ ನಡೆದಿದೆ ಎಂದು ಅವಳಿಗೆ ಅರ್ಥವಾಯಿತು, ಏನೆಂದು ಆಗಲಿಲ್ಲ.

“ಸೋಮವಾರದೊಳಗೆ ನೀವು ಹೇಳ್ತೀರೋ, ನಾನು ಹೇಳ್ಲೋ?”

“ಸಂಜೆ ತನಕ ಬಿಡು. ಊರು ನೋಡಿ ಮುಗಿಸೋಣ. ಆಮೇಲೆ ನಾನೇ ಫೋನ್ ಮಾಡ್ತೀನಿ.”

ಹಾಗೆ ಮಧ್ಯಾಹ್ನ ಕಳೆಯಿತು. ಅಕ್ಕ ಅವರ ತೋಳು ಹಿಡಿದು ನಡೆದಳು. ಈಗ ಬಾಯಿ ಬಿಟ್ಟಿದ್ದಳು, ಆದರೆ ಪಿಸುದನಿಯಲ್ಲಿ. “ಮೆಟ್ಟಿಲು. ಮೂರು. ಬಲಕ್ಕೆ ಮಗು.” ಹಳೆಯ ನ್ಯಾಯಾಲಯ ನೋಡಿದರು, ಸೇತುವೆ ನೋಡಿದರು, ಯಾವನೋ ಸೇನಾಧಿಪತಿಯ ಗೋರಿ ನೋಡಿದರು. ಗೋಪುರದ ಗಡಿಯಾರ ಎರಡು ಹೊಡೆಯಿತು, ಮೂರು ಹೊಡೆಯಿತು. ಭಾವ ಒಂದು ಮುಗಿದರೆ ಇನ್ನೊಂದು ಎನ್ನುತ್ತಿದ್ದರು. ನಕ್ಷೆಯಲ್ಲಿ ಯಾರೂ ನೋಡದ ಉಪ್ಪಿನ ಗೋದಾಮನ್ನೂ ಹುಡುಕಿಕೊಂಡು ಹೋದರು, ಅದಕ್ಕೆ ಬೀಗ ಹಾಕಿತ್ತು. ಬೀಗ ಹಾಕಿದ ಬಾಗಿಲನ್ನೇ ಐದು ನಿಮಿಷ ನಿಂತು ನೋಡಿದರು. ಅವರು ಹೇಳುವುದಿಲ್ಲ, ತಾನೇ ಹೇಳಬೇಕಾಗುತ್ತದೆ, ಹೇಳಿದ ಮೇಲೆ ಇವರು ತನ್ನನ್ನು ಈ ಜನ್ಮದಲ್ಲಿ ಕ್ಷಮಿಸುವುದಿಲ್ಲ ಎಂದು ಅಕ್ಕ ಹೆದರುತ್ತಿದ್ದಳು.

ನಾಲ್ಕೂಮುಕ್ಕಾಲಿಗೆ ಅವಳು ನಕ್ಷೆಯನ್ನು ಅವರ ಕೈಯಿಂದ ಕಿತ್ತುಕೊಂಡು ಮಡಿಸಿದಳು. “ನೋಡೋಕೆ ಇನ್ನೇನೂ ಉಳಿದಿಲ್ಲ” ಎಂದಳು.

ಭಾವ ಚೌಕದ ಬೆಂಚಿನ ಮೇಲೆ ಕೂತು ಫೋನು ತೆಗೆದರು. ಶಾಲೆಯ ಸಾರಿಗೆ ವಿಭಾಗದ ಮುಖ್ಯಸ್ಥನ ಜೊತೆ ಮಾತಾಡಿದರು. ಎರಡೇ ನಿಮಿಷ. ಕಣ್ಣು ಹೋಗಿದೆ, ಒಂದೂವರೆ ವರ್ಷವಾಯಿತು, ಮುಚ್ಚಿಟ್ಟಿದ್ದೆ, ಸೋಮವಾರಕ್ಕೆ ಬೇರೆ ಡ್ರೈವರನ್ನು ನೋಡಿಕೊಳ್ಳಿ, ನನ್ನ ಹೆಂಡತಿಗೆ ಇವತ್ತಿನವರೆಗೆ ಗೊತ್ತಿರಲಿಲ್ಲ, ಅವಳನ್ನು ಏನೂ ಅನ್ನಬೇಡಿ. ಆ ಕಡೆಯವನು ಬೈದನೋ, ಸುಮ್ಮನಿದ್ದನೋ, ಅಕ್ಕನಿಗೆ ಕೇಳಿಸಲಿಲ್ಲ. ಭಾವ ಮಾತ್ರ “ಹೌದು ಸಾರ್, ಹೌದು ಸಾರ್” ಎನ್ನುತ್ತಿದ್ದರು.

ಮುಗಿಯಿತೆಂದು ಅಕ್ಕ ಉಸಿರು ಬಿಟ್ಟಳು. ಭಾವ ಫೋನನ್ನು ಜೇಬಿಗೆ ಹಾಕಲಿಲ್ಲ. “ಇನ್ನೊಂದಿದೆ” ಎಂದು ನನ್ನ ನಂಬರು ಒತ್ತಿದರು.

ನಾನು ಆಗಷ್ಟೇ ಅಂಗಡಿಯಿಂದ ಬಂದಿದ್ದೆ. ಊರು ಹೇಗಿದೆ ಭಾವ ಎಂದು ಕೇಳಿದೆ. ಅವರು ಮೊದಲು ಕಣ್ಣಿನ ವಿಷಯ ಹೇಳಿದರು. ನಾನು ಸುಮ್ಮನೆ ಕೇಳಿಸಿಕೊಂಡೆನೆಂದು ತಿಳಿಯಬೇಡಿ. ಬಾಯಿಗೆ ಬಂದ ಹಾಗೆ ಬೈದೆ. ನನ್ನ ಮಗಳಿದ್ದಾಳೆ ಆ ಬಸ್ಸಿನಲ್ಲಿ, ನಿಮಗೆ ಮನುಷ್ಯತ್ವ ಇದೆಯಾ ಎಂದೆ. ಅವರು ಎಲ್ಲದಕ್ಕೂ ಹೂಂ ಎಂದರು. ನನ್ನ ಉಸಿರು ಖಾಲಿಯಾದ ಮೇಲೆ ಹೇಳಿದರು:

“ಸಣ್ಣವಳೇ, ಅಕ್ಕನಿಗೆ ಜ್ವರ ಬಂದಾಗ ಒಂದಿನ ನಿಮ್ಮನೆ ಸ್ಟಾಪಲ್ಲಿ ಮಗು ಬಸ್ಸಿಗೆ ಅಡ್ಡ ಬಂದ್ಲಲ್ಲ, ನೆನಪಿದೆಯಾ?”

ನೆನಪಿಲ್ಲದೆ ಏನು! ನಾನು ರಸ್ತೆಯ ಆ ಕಡೆ ಕಾಯುತ್ತಿದ್ದೆ. ಮಗಳು ಇಳಿದು ಬಸ್ಸಿನ ಮುಂದಿನಿಂದ ದಾಟುತ್ತಿದ್ದಳು, ಬಸ್ಸು ಹೊರಟೇಬಿಟ್ಟಿತು. ನಾನು ಕಿರುಚಿದೆ. ಬಸ್ಸು ಅವಳ ಬ್ಯಾಗಿಗೆ ತಾಗುವಷ್ಟರಲ್ಲಿ ನಿಂತಿತು. ನಾನು ಓಡಿಹೋಗಿ ಎಳೆದುಕೊಂಡು, ಎಲ್ಲರೆದುರು ಅವಳ ಕೆನ್ನೆಗೆ ಎರಡು ಬಾರಿಸಿದೆ. ನೋಡದೆ ನುಗ್ಗುತ್ತೀಯಾ, ದೊಡ್ಡಪ್ಪ ಅಲ್ಲದೆ ಬೇರೆ ಯಾರಾದರೂ ಓಡಿಸುತ್ತಿದ್ದರೆ ಸಾಯುತ್ತಿದ್ದೆ ಎಂದು ಬೈದೆ. ಅವಳು “ನಾನು ನಿಧಾನಕ್ಕೇ ಬಂದೆ ಅಮ್ಮ, ಬಸ್ಸೇ ಹೊರಟುಬಿಡ್ತು” ಎಂದು ಬಿಕ್ಕಿದಾಗ, ಸುಳ್ಳು ಬೇರೆ ಹೇಳ್ತೀಯಾ ಎಂದು ಇನ್ನೊಂದು ಕೊಟ್ಟೆ. ಆಮೇಲೆ ಅವಳ ಕೈ ಹಿಡಿದು ಕಿಟಕಿಯ ಹತ್ತಿರ ಕರೆದೊಯ್ದು ಭಾವನಿಗೆ ಸಾರಿ ಹೇಳಿಸಿದೆ. ಭಾವ ಕಿಟಕಿಯಿಂದ “ಹೋಗ್ಲಿ ಬಿಡು, ಮಗು” ಎಂದಿದ್ದರು. ಎಂಥಾ ದೊಡ್ಡ ಮನಸ್ಸು ಎಂದು ನಾನು ನಾಲ್ಕು ಮನೆಗೆ ಹೇಳಿಕೊಂಡು ಬಂದಿದ್ದೆ.

“ಮಗೂದು ತಪ್ಪಿರಲಿಲ್ಲ. ಅವಳು ಹೇಳಿದ್ದೇ ನಿಜ. ನನಗೆ ಕಾಣಿಸ್ಲಿಲ್ಲ” ಎಂದರು ಭಾವ. “ನೀನು ಹೊಡೀತಿದ್ದೆ, ನಾನು ಮೇಲೆ ಕೂತು ನೋಡ್ತಿದ್ದೆ. ಅವಳ ಹತ್ರ ಫೋನ್ ಕೊಡ್ತೀಯಾ?”

ನನಗೆ ಕೊಡಲು ಇಷ್ಟವಿರಲಿಲ್ಲ. ಕೊಟ್ಟೆ. ಮಗಳು ನೆಲದ ಮೇಲೆ ಕೂತು ಪುಸ್ತಕಕ್ಕೆ ರಟ್ಟು ಹಾಕುತ್ತಿದ್ದಳು. ಫೋನು ಕಿವಿಗಿಟ್ಟುಕೊಂಡು ಕೇಳಿದಳು. ಭಾವ ಏನು ಹೇಳಿದರೋ, ಬಹಳ ಹೊತ್ತು ಹೇಳಿದರು. ಅವಳು ನಡುವೆ ಒಮ್ಮೆ “ಹೂಂ” ಎಂದಳು, ಕೊನೆಗೆ “ಪರ್ವಾಗಿಲ್ಲ ದೊಡ್ಡಪ್ಪ, ಅಳ್ಬೇಡಿ” ಎಂದಳು. ಫೋನು ನನ್ನ ಕೈಗೆ ವಾಪಸು ಕೊಟ್ಟು, ಕತ್ತರಿ ಎತ್ತಿಕೊಂಡು, ಮತ್ತೆ ಕೆಳಗಿಟ್ಟು ನನ್ನ ಮುಖ ನೋಡಿದಳು.

“ಅಮ್ಮ, ದೊಡ್ಡಪ್ಪ ಸಾರಿ ಕೇಳಿದ್ರು. ನೀನು?”

ನಾನು ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತೆ. ಬೈಯುವುದಕ್ಕೆ ಅಷ್ಟು ಮಾತು ಹರಿದುಬಂದ ಬಾಯಿಗೆ ಒಂದು ಸಣ್ಣ ಮಾತು ಹೊರಡಲು ಎಷ್ಟೋ ಹೊತ್ತು ಹಿಡಿಯಿತು. ಅವಳು ಕಾಯುತ್ತ ಕೂತಿದ್ದಳು.